ನಂಜಣ್ಣನ ಕಿವಿ

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ನಾನು ಗ್ಯಾರೇಜು ತೆರೆದು ಮೂವತ್ತೆರಡು ವರ್ಷವಾಯಿತು. ಅಷ್ಟೂ ವರ್ಷ ನನ್ನ ಹೊಟ್ಟೆ ಹೊರೆದದ್ದು ನನ್ನ ಕೈ ಅಲ್ಲ, ಕಿವಿ. ಸ್ಪ್ಯಾನರ್ ತಿರುಗಿಸುವುದಕ್ಕೆ ಯಾರಿಗೆ ಬರುವುದಿಲ್ಲ? ಗಾಡಿ ರಸ್ತೆಯಿಂದ ಒಳಗೆ ತಿರುಗುವಷ್ಟರಲ್ಲಿ, ಕೂತಲ್ಲಿಂದ ಏಳದೆ, ಮೂರನೇ ಇಂಜೆಕ್ಟರು ಹೋಗಿದೆ ಅಂತ ಹೇಳುತ್ತಿದ್ದೆ. ಟೀ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ನೋಡುತ್ತಿದ್ದರು. ಬಿಚ್ಚಿದರೆ ಮೂರನೆಯದೇ ಹೋಗಿರುತ್ತಿತ್ತು. ತೆರಕಣಾಂಬಿಯ ತರಕಾರಿ ಗಾಡಿಯವರು, ಭೀಮನಬೀಡಿನ ಹೂವಿನ ಗಾಡಿಯವರು, ಕೇರಳದ ಕಡೆ ಹೋಗುವ ಲಾರಿಯವರು, ಎಲ್ಲರೂ 'ನಂಜಣ್ಣನ ಕಿವಿ' ಎಂದೇ ಹೇಳಿಕೊಂಡು ಬರುತ್ತಿದ್ದರು. ನನಗೂ ಜಂಬ ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ.

ಆ ಕಿವಿ ಕೆಟ್ಟು ಈಗ ಎರಡು ವರ್ಷ. ಒಂದೇ ಸಲ ಹೋಗಿದ್ದರೆ ಆಸ್ಪತ್ರೆಗಾದರೂ ಓಡುತ್ತಿದ್ದೆ. ಅದು ಚೂರುಚೂರೇ ಜಾರಿಕೊಂಡಿತು. ಮೊದಲು ಬೆಳಗಿನ ಹಕ್ಕಿಗಳು ಹೋದವು. ನಾನು ಹಕ್ಕಿ ಕೇಳಿಕೊಂಡು ಕೂರುವ ಆಸಾಮಿ ಅಲ್ಲವಾದ್ದರಿಂದ ಗೊತ್ತೇ ಆಗಲಿಲ್ಲ. ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಫೋನಿನ ಗಂಟೆ. ಈಗ ಎಡಗಿವಿ ಪೂರಾ ಹೋಗಿದೆ. ಬಲಗಿವಿಗೆ ಬಾಯಿಟ್ಟು ಗಟ್ಟಿಯಾಗಿ ಹೇಳಿದರೆ ಒಳಗೆ ಇಳಿಯುತ್ತದೆ. ಎದುರು ನಿಂತು ಮಾತಾಡಿದರೆ ಅರ್ಧ ಕೇಳಿಸಿಕೊಂಡು, ಇನ್ನರ್ಧ ತುಟಿ ನೋಡಿ ಊಹಿಸಿಕೊಂಡು ಹೇಗೋ ಸಂಭಾಳಿಸುತ್ತೇನೆ. ಬೆನ್ನ ಹಿಂದೆ ಮಾತಾಡಿದರೆ, ಇಲ್ಲವೇ ಹತ್ತಿರದಲ್ಲಿ ಇಂಜಿನ್ ಓಡುತ್ತಿದ್ದರೆ, ಏನೂ ಇಲ್ಲ.

ಯಾರಿಗೂ ಹೇಳಲಿಲ್ಲ. ಹೇಗೆ ಹೇಳಲಿ? ಕೈ ಮುರಿದುಕೊಂಡ ಮೆಕ್ಯಾನಿಕ್ಕಿಗಾದರೆ ಜನ ಒಂದು ತಿಂಗಳು ಕಾಯುತ್ತಾರೆ. ಕಿವುಡನಾದ ನಂಜಣ್ಣನ ಹತ್ತಿರ ಯಾರು ಬರುತ್ತಾರೆ? ಗ್ಯಾರೇಜಿನ ಬಾಗಿಲು ಎಳೆದುಬಿಟ್ಟರೆ ಈ ಅರವತ್ತೊಂದರ ವಯಸ್ಸಿನಲ್ಲಿ ನನಗೆ ಬರುವ ಇನ್ನೊಂದು ಕೆಲಸ ಈ ಭೂಮಿಯ ಮೇಲಿಲ್ಲ. ಅದಕ್ಕೇ ಬಚ್ಚಿಟ್ಟೆ. ಫೋನನ್ನು ಟೂಲ್ ಡಬ್ಬಿಯೊಳಗೆ ಹಾಕಿಬಿಟ್ಟೆ. ಬಂದ ಗಿರಾಕಿಗೆ, 'ಗಾಡಿ ಎಂಗ್ ಸದ್ದು ಮಾಡ್ತದೆ, ಬಾಯಲ್ಲಿ ಮಾಡಿ ತೋರ್ಸಿ' ಎನ್ನುವ ಹೊಸ ವರಸೆ ಕಲಿತೆ. ಅವರು ಕಟಕಟ, ಬುರ್‌ಬುರ್ ಎಂದು ಬಾಯಿ ತಿರುಗಿಸುತ್ತಿದ್ದರು, ನಾನು ತುಟಿ ನೋಡುತ್ತಿದ್ದೆ. ಜೊತೆಗೆ ನನ್ನ ದನಿ ನನಗೇ ಕೇಳದೆ ನಾನು ಕಿರುಚಿ ಮಾತಾಡಲು ಶುರುಮಾಡಿದ್ದೆನಂತೆ. ನಂಜಣ್ಣನಿಗೆ ವಯಸ್ಸಾಗುತ್ತಾ ಸಿಟ್ಟು ಜಾಸ್ತಿಯಾಯಿತು ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ. ಸಿಡುಕ ಮೆಕ್ಯಾನಿಕ್ಕಿಗೆ ಗಿರಾಕಿಗಳಿದ್ದಾರೆ.

ಮನೆಯಲ್ಲೂ ಹೇಳಲಿಲ್ಲ. ಮನೆ ಗ್ಯಾರೇಜಿನ ಹಿಂದೆ ಎರಡು ಬೀದಿ ದಾಟಿದರೆ ಸಿಗುತ್ತದೆ. ಮಗಳನ್ನು ಕೊಳ್ಳೇಗಾಲಕ್ಕೆ ಮದುವೆ ಮಾಡಿಕೊಟ್ಟ ಮೇಲೆ ಅಲ್ಲಿರುವವರು ನಾನು ಮತ್ತು ನನ್ನ ಹೆಂಡತಿ ಪುಟ್ಟಮಾದಮ್ಮ, ಇಬ್ಬರೇ. ಅವಳು ಉಮ್ಮತ್ತೂರಿನವಳು, ಮಾತಿಗೆ ಬರವಿಲ್ಲದವಳು. ಮೊದಲೆಲ್ಲ ಅವಳ ಬಾಯಿಗೆ ಬೀಗ ಹಾಕಬೇಕು ಎಂದು ರೇಗಿಸುತ್ತಿದ್ದೆ. ಸಂಜೆ ಹೋಗಿ ಕೂತರೆ ಅವಳು ಒಲೆಯ ಕಡೆ ಮುಖ ಮಾಡಿಕೊಂಡು ಕೆಲಸ ಮಾಡುತ್ತಿರುತ್ತಾಳೆ. ಪಕ್ಕದಿಂದ ಅವಳ ಕೆನ್ನೆ ಆಡುವುದು ಕಾಣುತ್ತದೆ. ನಾನು ಹೂಂ ಅನ್ನುತ್ತೇನೆ. ಮೂವತ್ತೈದು ವರ್ಷ ಜೊತೆಯಲ್ಲಿದ್ದವಳು ಏನು ಹೇಳಬಹುದು ಎಂದು ನನಗೆ ಗೊತ್ತಿಲ್ಲವೇ? ನಲ್ಲಿಯಲ್ಲಿ ನೀರು ಬರಲಿಲ್ಲ, ಗ್ಯಾಸ್ ಮುಗಿಯುತ್ತಾ ಬಂತು, ಪಕ್ಕದ ಮನೆಯವರ ಹಸು ಕರು ಹಾಕಿತು. ಎಲ್ಲಕ್ಕೂ ಹೂಂ ಸರಿಹೋಗುತ್ತದೆ.

ಹೀಗಿರುವಾಗ ಭೀಮನಬೀಡಿನ ಗಂಗಾಧರಸ್ವಾಮಿಯ ಗಾಡಿ ಬಂತು. ಅವನು ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು. ಸ್ವಂತ ಜಮೀನಿನಲ್ಲಿ ಚೆಂಡುಹೂವು ಬೆಳೆಯುತ್ತಾನೆ, ಸುತ್ತಿನ ಹಳ್ಳಿಗಳ ಹೂವನ್ನೂ ಕೊಂಡು ಚಾಮರಾಜನಗರದ ಮಾರುಕಟ್ಟೆಗೆ ಒಯ್ಯುತ್ತಾನೆ. ಗಾಡಿ ಹದಿನೆಂಟು ವರ್ಷದ ಡೀಸೆಲ್ ಪಿಕಪ್ಪು. ಮೊದಲ ದಿನದಿಂದ ನಾನೇ ನೋಡಿಕೊಂಡು ಬಂದದ್ದು. ಆಷಾಢದ ಒಂದು ಬೆಳಿಗ್ಗೆ, ಟೀ ಅಂಗಡಿಯ ಮುಂದೆ ಆಫ್ ಮಾಡಿದ ಮೇಲೆ ಮತ್ತೆ ಏಳದ ಅದನ್ನು ನಾಲ್ಕು ಜನ ತಳ್ಳಿಕೊಂಡು ಬಂದರು. ಗಂಗಾಧರಸ್ವಾಮಿ ಸ್ಟಿಯರಿಂಗ್ ಹಿಡಿದು, ಹಣೆಯ ವಿಭೂತಿಯೆಲ್ಲ ಬೆವರಿಗೆ ಇಳಿದು ಕೂತಿದ್ದ.

"ಸೆಲ್ಫ್ ತಗೊಳ್ತಿಲ್ಲ ನಂಜಣ್ಣ. ತಳ್ಳುದ್ರೆ ಒಂದೇ ಏಟ್ಗೆ ಸ್ಟಾಲ್ಟಾಯ್ತದೆ. ಕೀ ತಿರುಗ್ಸುದ್ರೆ ಮಾತ್ರ ಇಲ್ಲ."

ತಳ್ಳಿದರೆ ಸ್ಟಾರ್ಟಾಗುತ್ತದೆ ಎಂದರೆ ಡೀಸೆಲ್ಲಿನ ತಂಟೆ ಅಲ್ಲ, ಇಂಜಿನ್ ಬಿಸಿ ಮಾಡುವ ಹೀಟರಿನ ತಂಟೆ ಅಲ್ಲ. ಇಂಜಿನ್ನನ್ನು ಮೊದಲ ಸಲ ತಿರುಗಿಸುವ ಕರೆಂಟಿನ ಕಡೆ ಏನೋ ಕೆಟ್ಟಿದೆ. ಅಲ್ಲಿಗೆ ಎರಡು ದಾರಿ ಉಳಿಯಿತು. ಕೀ ತಿರುಗಿಸಿದಾಗ ಒಂದೇ ಒಂದು ಸಲ 'ಟಕ್' ಎಂದು ಸುಮ್ಮನಾದರೆ ಸೆಲ್ಫ್ ಮೋಟರೇ ಹೋಗಿದೆ. 'ಟಕಟಕಟಕ' ಎಂದು ಬಡಿದುಕೊಂಡರೆ ಮೋಟರು ಚೆನ್ನಾಗಿದೆ, ಅದಕ್ಕೆ ಸಾಕಷ್ಟು ಕರೆಂಟು ತಲುಪುತ್ತಿಲ್ಲ. ಗ್ಯಾರೇಜಿಗೆ ಹೊಸದಾಗಿ ಸೇರಿದವನಿಗೆ ಮೊದಲ ವಾರ ಕಲಿಸುವ ಪಾಠ ಇದು. ಕಿವಿಯೊಂದಿದ್ದರೆ ಸಾಕು.

ಕಿವಿ ಇಲ್ಲದವನು ಹೆಡ್‌ಲೈಟು ಹಾಕಿಸಿ ನೋಡಬಹುದಿತ್ತು. ಕೀ ತಿರುಗಿಸಿದಾಗ ಬೆಳಕು ಸತ್ತುಹೋದರೆ ಕರೆಂಟು ಸಾಲುತ್ತಿಲ್ಲ ಎಂದು ಕಣ್ಣೇ ಹೇಳುತ್ತಿತ್ತು. ಆದರೆ ಮೂವತ್ತು ವರ್ಷದಿಂದ ಕರೆಂಟು ನೋಡಲು ಟೆಸ್ಟ್ ಲ್ಯಾಂಪ್ ಹಿಡಿದವರನ್ನು ಕಂಡರೆ, ಅದು 'ಕಿವಿ ಇಲ್ಲದವರ ಊರುಗೋಲು' ಎಂದು ಗೇಲಿ ಮಾಡಿದ ಬಾಯಿ ನನ್ನದು. ತಳ್ಳಿಕೊಂಡು ಬಂದ ನಾಲ್ವರೂ ನಿಂತಿದ್ದರು. ಪಕ್ಕದ ಟೈರ್ ಅಂಗಡಿಯ ಸೋಮೇಶನೂ ಬಂದು ನಿಂತಿದ್ದ. ನಾನು ಬಾನೆಟ್ ಎತ್ತಿ, ಕತ್ತು ಓರೆ ಮಾಡಿ, ಕಣ್ಣು ಮುಚ್ಚಿ, 'ಒಡೀರಿ ಸೆಲ್ಫು' ಎಂದೆ. ಕೀ ತಿರುಗಿತು ಎಂದು ಅಂದಾಜು ಮಾಡಿದೆ. ನನ್ನ ತಲೆಯೊಳಗೆ ಖಾಲಿ ಕೊಡದಂಥ ಒಂದು ಗುಂಯ್ ಬಿಟ್ಟರೆ ಬೇರೇನೂ ಇರಲಿಲ್ಲ.

"ಒಂದೇ ಏಟು ಟಕ್ ಅಂತದೆ, ಅಲ್ವಾ ಸ್ವಾಮಿ?" ಎಂದೆ.

ಗಂಗಾಧರಸ್ವಾಮಿ ಸ್ವಲ್ಪ ತಡೆದು, "ಊಂ ಕಣಣ್ಣ, ಅಂಗೇ ಅಂತದೆ" ಎಂದ.

ನಮ್ಮ ಸೀಮೆಯ ಜನರ ಸ್ವಭಾವವೇ ಇದು. ಕಸುಬುದಾರನ ಮಾತಿಗೆ ಎದುರಾಡುವುದಿಲ್ಲ. ಆಚಾರಿ ಬಾಗಿಲು ಸೊಟ್ಟ ಇಟ್ಟರೂ, ನಿಮ್ಗೆ ಗೊತ್ತಿಲ್ವಾ ಬುಡಿ ಎನ್ನುತ್ತಾರೆ. ಆ ಮರ್ಯಾದೆ ನನ್ನನ್ನು ಆವತ್ತು ಹಾಳು ಮಾಡಿತು. ನಾನು ಸೆಲ್ಫ್ ಮೋಟರು ಬಿಚ್ಚಿದೆ. ಕಾರ್ಬನ್ ಬದಲಿಸಿದೆ, ಬುಷ್ ಬದಲಿಸಿದೆ, ತೊಳೆದು ಒರೆಸಿ ಜೋಡಿಸಿದೆ. ಕೀ ತಿರುಗಿಸಿದರೆ ಇಂಜಿನ್ ಮೊದಲ ಏಟಿಗೇ ಎದ್ದಿತು. ಕೈಯಿಟ್ಟು ನಡುಕ ನೋಡಿದೆ, ಸರಿಯಾಗಿತ್ತು. ನಂಜಣ್ಣನ ಕಿವಿ ಎಂದರೆ ಸುಮ್ಮನೆಯೇ ಎಂದು ಸೋಮೇಶ ಹೇಳಿದ್ದು ಅವನ ತುಟಿಯಲ್ಲಿ ಕಂಡಿತು.

ಒಂಬತ್ತನೇ ದಿನಕ್ಕೆ ಗಾಡಿ ಮತ್ತೆ ಬಂತು, ಮತ್ತೆ ತಳ್ಳಿ ಸ್ಟಾರ್ಟ್ ಮಾಡಿಸಿಕೊಂಡೇ. ಚಾಮರಾಜನಗರದ ಮಾರುಕಟ್ಟೆಯ ಮುಂದೆ ನಿಂತುಬಿಟ್ಟಿತ್ತಂತೆ, ಹೂವಿನ ಹಮಾಲಿಗಳು ತಳ್ಳಿದರಂತೆ. ಗಂಗಾಧರಸ್ವಾಮಿ ಒಂದು ಮಾತು ಬಯ್ಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನೂ ತಿರುಗಿಸಿ ಬೈದು ಹಗುರಾಗುತ್ತಿದ್ದೆ. ಅವನು ನನ್ನ ಎದುರಿಗೇ ಬಂದು ನಿಂತು, ನಿಧಾನವಾಗಿ, "ಇನ್ನೊಂದ್ಸಲ ನೋಡಿ ನಂಜಣ್ಣ, ಅವಸರವೇನಿಲ್ಲ" ಎಂದ. ನಾನು ಕೀ ಸ್ವಿಚ್ಚು ಕೆಟ್ಟಿದೆ ಎಂದೆ. ಆವತ್ತು ಬಾನೆಟ್ಟನ್ನು ಎತ್ತಿ ಹಿಡಿದಿದ್ದ ಕಂಬಿ ಜಾರಿ ಬಾನೆಟ್ಟು ನನ್ನ ಹೆಬ್ಬೆರಳ ಮೇಲೆ ಬಿತ್ತು. ಉಗುರು ಕಪ್ಪಾಯಿತು. ಆ ನೋವಿನ ಸಿಟ್ಟನ್ನೂ ಅವನ ಮೇಲೇ ತೀರಿಸಿಕೊಂಡೆ, ಗಾಡಿ ಇಲ್ಲೇ ಬಿಟ್ಟು ಹೋಗು ಎಂದು ಕೂಗಾಡಿದೆ.

ಮರುದಿನ ಆರು ಗಂಟೆಗೇ ಗ್ಯಾರೇಜಿಗೆ ಹೋದೆ. ರಸ್ತೆಯಲ್ಲಿ ಇನ್ನೂ ಯಾರೂ ಇರಲಿಲ್ಲ. ಸ್ವಿಚ್ಚು ಬದಲಿಸಿ, ಬ್ಯಾಟರಿಯ ವೈರು ಬಿಚ್ಚಿ ಹಾಕಿ, ಡ್ರೈವರ್ ಸೀಟಿನಲ್ಲಿ ಒಬ್ಬನೇ ಕೂತು ಕೀ ತಿರುಗಿಸಿದೆ. ಗಾಡಿ ನಡುಗಿತು, ಸ್ಟಾರ್ಟಾಯಿತು. ಆಫ್ ಮಾಡಿದೆ. ಮತ್ತೆ ತಿರುಗಿಸಿದೆ. ಇಪ್ಪತ್ತು ಸಲ ಮಾಡಿರಬೇಕು. ಒಂದು ಸಲವಾದರೂ ಆ ಇಂಜಿನ್ನಿನ ಸದ್ದು ಕೇಳಿಬಿಡಲಿ ಎಂದು ಕಣ್ಣು ಬಿಗಿಯಾಗಿ ಮುಚ್ಚಿ ಕಾದೆ. ನನ್ನ ಕೈಯಲ್ಲೇ ಮೂರು ಸಲ ಹೊಸದಾದ ಇಂಜಿನ್ ಅದು. ಕೂತ ಸೀಟಿನಲ್ಲಿ, ಅಂಗಾಲಿನಲ್ಲಿ ಇತ್ತು. ಕಿವಿಯಲ್ಲಿ ಇರಲಿಲ್ಲ. ಇಷ್ಟು ದಿನ ಜನರಿಂದ ಬಚ್ಚಿಡುವ ಗಡಿಬಿಡಿಯಲ್ಲಿ ಅಳುವುದಕ್ಕೂ ಪುರುಸೊತ್ತಾಗಿರಲಿಲ್ಲ. ಆ ಬೆಳಿಗ್ಗೆ ಅತ್ತೆ. ಆಮೇಲೆ ಟೀ ಅಂಗಡಿ ತೆರೆಯಿತು, ಮುಖ ಒರೆಸಿಕೊಂಡು ಇಳಿದೆ.

ಗಾಡಿ ಒಯ್ದ ಗಂಗಾಧರಸ್ವಾಮಿ ಹನ್ನೆರಡು ದಿನ ಬರಲಿಲ್ಲ. ಗೆದ್ದೆ ಎಂದುಕೊಂಡೆ. ಹದಿಮೂರನೇ ದಿನ ಹನ್ನೊಂದು ಗಂಟೆಯ ಹೊತ್ತಿಗೆ ಸೋಮೇಶ ನನ್ನ ಭುಜ ತಟ್ಟಿ, ತನ್ನ ಫೋನು ತೋರಿಸುತ್ತಾ ಹೇಳಿದ.

"ಭೀಮನಬೀಡ್ ಸ್ವಾಮ್ಯೋರು ಕಣಣ್ಣೋ. ನಿಂಗೆ ಆರ್ ಸಲ ಫೋನ್ ಮಾಡುದ್ರಂತೆ, ಎತ್ನಿಲ್ವಂತೆ. ಚಂದಕವಾಡಿ ಅತ್ರ ಒಲದಲ್ಲಿ ಗಾಡಿ ನಿಂತೋಗದೆ. ಊವು ತುಂಬದಂತೆ. ತಳ್ಳಕ್ಕೂ ಜನ ಇಲ್ವಂತೆ."

ಅವನ ಫೋನಿಗೆ ಕಿವಿ ಕೊಡುವ ಧೈರ್ಯ ನನಗೆ ಬರಲಿಲ್ಲ. "ಬತ್ತೀನಿ ಅನ್ನು" ಎಂದು ಗದರಿ, ಟೂಲ್ ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಬೇರೆ ಗಾಡಿಯಾಗಿದ್ದರೆ, ಅಲ್ಲೇ ಹತ್ತಿರದ ಮೆಕ್ಯಾನಿಕ್ಕನ್ನು ಕರೆಸಿಕೊಳ್ಳಲಿ ಎನ್ನುತ್ತಿದ್ದೆ. ಆದರೆ ಇನ್ನೊಬ್ಬ ಬಂದು, ಹತ್ತು ನಿಮಿಷದಲ್ಲಿ ಕಾಯಿಲೆ ಹಿಡಿದು, ನಂಜಣ್ಣ ಎರಡು ಸಲ ಸುಳ್ಳು ಹೇಳಿದ್ದಾನೆ ಎಂದುಬಿಟ್ಟರೆ? ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ಪಕ್ಕದಲ್ಲಿ ಕೂತ ಹೆಂಗಸು ನನ್ನ ಕಡೆ ತಿರುಗಿ ಏನೋ ಕೇಳಿದಳು. ಹೂಂ ಎಂದೆ. ಅವಳು ವಿಚಿತ್ರವಾಗಿ ನೋಡಿ ಕಿಟಕಿಯ ಕಡೆ ತಿರುಗಿದಳು. ಚಾಮರಾಜನಗರದಲ್ಲಿ ಇಳಿದು ಬಸ್ಸು ಬದಲಿಸಿದೆ.

ಚಂದಕವಾಡಿ ತಲುಪುವಾಗ ಎರಡು ಗಂಟೆ ದಾಟಿತ್ತು. ಹಳ್ಳಿಯಿಂದ ಆಚೆ ಹೊಲದ ದಾರಿಯಲ್ಲಿ ಅರ್ಧ ಮೈಲಿ ನಡೆದೆ. ಹೂವು ಕುಯ್ದ ಆಳುಗಳು ಊಟಕ್ಕೆ ಹೋಗಿದ್ದರು. ಸಡಿಲ ಮಣ್ಣಿನಲ್ಲಿ ಚಕ್ರ ನಾಲ್ಕು ಬೆರಳು ಇಳಿದಿತ್ತು, ಹತ್ತು ಜನ ಇದ್ದರೂ ತಳ್ಳುವಂತಿರಲಿಲ್ಲ. ಗಂಗಾಧರಸ್ವಾಮಿ ಚೆಂಡುಹೂವಿನ ಮೂಟೆಗಳ ಮೇಲೆ ಬಿಂದಿಗೆಯಿಂದ ನೀರು ಚಿಮುಕಿಸುತ್ತಿದ್ದ. ಬಿಸಿಲಿಗೆ ಬಾಡಬಾರದು ಎಂದು ಹೂವಿನವರೆಲ್ಲ ಹೀಗೇ ಮಾಡುತ್ತಾರೆ. ಸಂಜೆ ಐದರೊಳಗೆ ಮಾರುಕಟ್ಟೆ ತಲುಪದಿದ್ದರೆ ಆ ಹೂವು ತಿಪ್ಪೆಗೆ. ಅದು ಅವನ ಮುಖದಲ್ಲಿ ಕಾಣುತ್ತಿತ್ತು, ಆದರೂ ಅವನು ಮೊದಲು ನನಗೆ ಕುಡಿಯುವ ನೀರು ಕೊಟ್ಟ.

"ನೋಡೋರ್ ಯಾರೂ ಇಲ್ಲ ನಂಜಣ್ಣ" ಎಂದ, ನನ್ನ ಎದುರಿಗೇ ನಿಂತು, ಗಟ್ಟಿಯಾಗಿ. "ನಿಧಾನ್ವಾಗಿ ನೋಡಿ."

ಆ ಮಾತನ್ನು ಯಾಕೆ ಹೇಳಿದ ಎಂದು ಆಗ ಯೋಚಿಸಲಿಲ್ಲ. ಹಳೆಯ ಚಾಳಿಯಂತೆ ಉದ್ದದ ಸ್ಕ್ರೂಡ್ರೈವರ್ ತೆಗೆದು, ಅದರ ಮೊನೆಯನ್ನು ಇಂಜಿನ್ನಿಗೆ ಊರಿ, ಹಿಡಿಯನ್ನು ಬಲಗಿವಿಗೆ ಒತ್ತಿದೆ. ಮೆಕ್ಯಾನಿಕ್ಕುಗಳು ಡಾಕ್ಟರ ಹಾಗೆ ಕೇಳುವುದು ಹೀಗೆಯೇ. ಕೀ ತಿರುಗಿಸಲು ಸನ್ನೆ ಮಾಡಿದೆ. ಏನೂ ಇಲ್ಲ. ಸರಿ, ಸೆಲ್ಫ್ ಮೋಟರಿಗೆ ಬರುವ ವೈರನ್ನಾದರೂ ಅಲುಗಾಡಿಸಿ ನೋಡೋಣ ಎಂದು ಗಾಡಿಯಡಿ ನುಸುಳಿ ಅಂಗಾತ ಮಲಗಿದೆ. ಎರಡೂ ಕೈ ವೈರಿನ ಮೇಲಿತ್ತು. ಸ್ಕ್ರೂಡ್ರೈವರ್ ಇಡಲು ಜಾಗವಿಲ್ಲದೆ ಅದರ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೆ. ಅದರ ಮೊನೆ ಮೋಟರಿನ ಮೈಗೆ ತಗುಲಿದ್ದನ್ನು ನಾನು ನೋಡಿಕೊಳ್ಳಲಿಲ್ಲ. ಕಾಲಲ್ಲಿ ಬಾಗಿಲು ಒದ್ದು, ಕೀ ತಿರುಗಿಸು ಎಂದು ಸೂಚಿಸಿದೆ.

ಟಕಟಕಟಕಟಕಟಕ.

ಹಲ್ಲಿನಿಂದ ದವಡೆಗೆ, ದವಡೆಯಿಂದ ತಲೆಬುರುಡೆಗೆ ಹತ್ತಿತು. ಕಿವಿಯ ಹಂಗೇ ಇಲ್ಲದೆ ತಲೆಯ ನಡುಮಧ್ಯದಲ್ಲಿ ಕೇಳಿಸಿತು. ಬರೀ ನಡುಕವಲ್ಲ, ಸದ್ದು. ಎರಡು ವರ್ಷದ ಮೇಲೆ ಮೊದಲ ಸಲ ಒಂದು ಸಣ್ಣ ಸದ್ದು, ಅದರ ಮೂಲೆಮೂಲೆಯ ಸಮೇತ. ನಾನು ಬಾಗಿಲನ್ನು ಮತ್ತೆ ಒದ್ದೆ. ಟಕಟಕಟಕಟಕ. ಒಂದೇ ಟಕ್ ಅಲ್ಲವೇ ಅಲ್ಲ. ಮೋಟರಿಗೆ ಏನೂ ಆಗಿರಲಿಲ್ಲ, ಯಾವತ್ತೂ ಆಗಿರಲಿಲ್ಲ. ಕಾಯಿಲೆ ಮೊದಲ ಸಲಕ್ಕೇ ಗೊತ್ತಾಗಿತ್ತು. ಆದರೂ ಇನ್ನೂ ನಾಲ್ಕು ಸಲ ಒದ್ದೆ. ಅವನು ಪಾಪ ನಾಲ್ಕು ಸಲವೂ ತಿರುಗಿಸಿದ. ಆ ಸದ್ದಿನ ಆಸೆಗೆ, ಇರುವ ಬ್ಯಾಟರಿಯನ್ನೂ ಖಾಲಿ ಮಾಡುತ್ತಿದ್ದೇನೆ ಎಂಬ ಎಚ್ಚರವೂ ನನಗಿರಲಿಲ್ಲ.

ಆಮೇಲಿನದು ಕಣ್ಣಿನ ಕೆಲಸ. ಬ್ಯಾಟರಿಯಿಂದ ಮೋಟರಿಗೆ ಹೋಗುವ ವೈರು ಗಟ್ಟಿಯಾಗಿತ್ತು. ಹೋದ ಕರೆಂಟು ವಾಪಸು ಬರಲು ಇಂಜಿನ್ನಿನಿಂದ ಚಾಸಿಗೆ, ಅಂದರೆ ಗಾಡಿಯ ಅಡಿಚೌಕಟ್ಟಿಗೆ, ಇನ್ನೊಂದು ದಪ್ಪ ವೈರು ಇರುತ್ತದೆ, ಅರ್ತ್ ವೈರು. ಅದರ ಜಾಡು ಹಿಡಿದು ಹಿಂದಕ್ಕೆ ತೆವಳಿದೆ. ಅದು ಚಾಸಿಗೆ ಸೇರುವ ಬೋಲ್ಟಿನ ಮೇಲೆ, ಸರಿಯಾಗಿ ಅದೇ ಜಾಗಕ್ಕೆ, ಮೇಲಿನ ಹಲಗೆಯ ಸಂದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಹೂವಿನ ಮೂಟೆಯ ನೀರು. ಹದಿನೆಂಟು ವರ್ಷ ದಿನಾ ಹೂವಿಗೆ ಚಿಮುಕಿಸಿದ ನೀರು ಅಲ್ಲಿಗೇ ಇಳಿದು ಬೋಲ್ಟಿನ ಅಡಿಯನ್ನೆಲ್ಲ ತುಕ್ಕು ತಿಂದಿತ್ತು. ಬೆರಳಲ್ಲಿ ಕೆರೆದರೆ ಕೆಂಪು ಹಿಟ್ಟು ಉದುರಿತು. ಗ್ಯಾರೇಜಿನಲ್ಲಿ ನಾನು ಏನೇ ಬಿಚ್ಚಿ ಎಳೆದಾಡಿದಾಗಲೂ ಈ ವೈರು ಸ್ವಲ್ಪ ಕದಲಿ, ನಾಲ್ಕು ದಿನ ಕಚ್ಚಿಕೊಂಡು, ಮತ್ತೆ ಬಿಡುತ್ತಿತ್ತು. ನನ್ನ ಜಾಣತನವೆಲ್ಲ ಇಷ್ಟೇ.

ಬೋಲ್ಟು ಬಿಚ್ಚಿ, ಉಪ್ಪುಕಾಗದದಲ್ಲಿ ಬೆಳ್ಳಗಾಗುವ ತನಕ ಉಜ್ಜಿ, ವೈರಿನ ತುದಿ ಕತ್ತರಿಸಿ ಬೋಲ್ಟು ತೂರುವ ಹೊಸ ಕಣ್ಣು ಹಾಕಿ ಬಿಗಿದೆ. ನೀರು ಬೀಳದಂತೆ ಹಳೆಯ ಟ್ಯೂಬಿನ ತುಂಡು ಸುತ್ತಿದೆ. ಹೊರಗೆ ಬಂದು ಕೈಯೆತ್ತಿದೆ. ಇಂಜಿನ್ ಎದ್ದದ್ದು ಗಂಗಾಧರಸ್ವಾಮಿಯ ಮುಖದಲ್ಲಿ ಗೊತ್ತಾಯಿತು. ಅಷ್ಟರಲ್ಲಿ ಬಂದ ಆಳುಗಳು ಚಕ್ರದಡಿ ಸೊಪ್ಪು ತುರುಕಿ ಗಾಡಿ ಎತ್ತಿಸಿದರು.

ಚಾಮರಾಜನಗರದ ತನಕ ಅವನ ಪಕ್ಕದಲ್ಲಿ ಕೂತು ಬಂದೆ. ದಾರಿಯಲ್ಲಿ ಅವನು ಒಂದು ಮಾತೂ ಆಡಲಿಲ್ಲ. ಆಡಿದ್ದರೂ ಆ ಇಂಜಿನ್ ಸದ್ದಿನಲ್ಲಿ ನನಗೆ ಕೇಳುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಗಾಡಿ ನಿಲ್ಲಿಸಿದವನು, ನಾನು ಇಳಿಯುವ ಮೊದಲೇ ಕೀ ತಿರುಗಿಸಿ ಇಂಜಿನ್ ಆಫ್ ಮಾಡಿಬಿಟ್ಟ.

ನನಗೆ ರೇಗಿತು. "ಯಾಕ್ ಆಫ್ ಮಾಡ್ಬುಟ್ರಿ ಸ್ವಾಮಿ? ಇಂದೆ ಊವದೆ, ಈಗ ತಾನೇ ಸರಿ ಮಾಡಿವ್ನಿ. ಮತ್ತೆ ಸ್ಟಾಲ್ಟ್ ಆಗ್ದಿದ್ರೆ?"

ಅವನು ಪೂರ್ತಿಯಾಗಿ ನನ್ನ ಕಡೆ ತಿರುಗಿದ. "ಆಯ್ತದೆ ಬುಡಿ, ನೀವು ಮಾಡಿರದು. ನಿಮ್ ಜೊತೆ ಮಾತಾಡ್ಬೇಕಿತ್ತು. ಇಂಜಿನ್ ಓಡ್ತಿದ್ರೆ ನಿಮ್ಗೆ ಕೇಳ್ಸಲ್ವಲ್ಲ."

ನಾನು ಇಳಿಯಲು ಬಾಗಿಲ ಹಿಡಿಗೆ ಕೈ ಹಾಕಿದೆ.

"ಬಾನೆಟ್ ಬಿತ್ತಲ್ಲ, ಅವತ್ತೇ ಗೊತ್ತಾಯ್ತು" ಎಂದ. "ಕಂಬಿ ಜಾರ್ತಾ ಅದೆ, ಕೈ ತಗೀರಿ ಅಂತ ನಿಮ್ ಇಂದೆ ನಿಂತ್ಕಂಡು ಮೂರ್ ಸಲ ಕೂಗ್ದೆ. ನೀವು ಅಲ್ಲಾಡ್ಲಿಲ್ಲ. ನಮ್ಮಪ್ಪಾಜಿಗೂ ಇಂಗೇ ಆಗಿತ್ತು ನಂಜಣ್ಣ. ಯಾರ್ಗೂ ಏಳ್ಕಳ್ನಿಲ್ಲ. ಜಗುಲಿ ಮೇಲೆ ಒಬ್ರೇ ಕೂತ್ಕಂಡು ಎಲ್ಲಾರ್ ಮೇಲೂ ಕೂಗಾಡೋರು. ಅವ್ರು ಓದ್ಮೇಲೆ ನಮ್ಗೆ ಗೊತ್ತಾಗಿದ್ದು, ಅದು ಕೋಪ ಅಲ್ಲ ಅಂತ."

"ಯಾರ್ಗಾರೂ ಏಳುದ್ರಾ?" ಎಂದೆ. ಅದೇ ನನಗೆ ಮೊದಲು ಬೇಕಾದ್ದು.

"ನಾನ್ಯಾಕೆ ಏಳನೆ? ಗಾಡಿ ನಿಮ್ಮತ್ರವೇ ತತ್ತೀನಿ, ಯಾವತ್ತೂ. ಅದಲ್ಲ. ಮನೇಲಿ ಅಕ್ಕಾರ್ಗೆ ಗೊತ್ತಾ?"

ತಲೆಯಾಡಿಸಿದೆ, ಇಲ್ಲವೆಂದು.

"ಅವ್ರಿಗೆ ಏಳಿ" ಎಂದ. ಕೀ ತಿರುಗಿಸಿದ. ಗಾಡಿ ನಡುಗಿತು. ಅವನು ನಕ್ಕು, ಮಾರುಕಟ್ಟೆಯ ಕಡೆ ಹೊರಟ.

ಗುಂಡ್ಲುಪೇಟೆಯ ಬಸ್ಸಿನಲ್ಲಿ ಕೂತು ಒಂದೇ ಯೋಚನೆ ಮಾಡಿದೆ. ಈ ಮನುಷ್ಯನಿಗೆ ಗೊತ್ತಾಗಿಯೂ ಆಕಾಶ ಬೀಳಲಿಲ್ಲ. ಹಾಗಾದರೆ ಪುಟ್ಟಮಾದಿಗೆ ಹೇಳಿದರೆ ಏನಾಗುತ್ತದೆ? ಅವಳು ಮೊದಲು ಬೈಯುತ್ತಾಳೆ, ಆಮೇಲೆ ಅಳುತ್ತಾಳೆ, ಆಮೇಲೆ ಎರಡು ವರ್ಷದಿಂದ ನನಗೆ ಹೇಳಿದ್ದನ್ನೆಲ್ಲ ಮತ್ತೆ ಮೊದಲಿನಿಂದ ಜೋರಾಗಿ ಹೇಳಲು ಶುರುಮಾಡುತ್ತಾಳೆ. ಸಾಕಪ್ಪ ಸಾಕು ಎನ್ನುವಷ್ಟು. ನಿಜ ಹೇಳಬೇಕೆಂದರೆ, ನನಗೆ ಅದರ ಆಸೆಯೇ ಆಯಿತು. ಬಸ್ಸು ಇಳಿದವನು ಗ್ಯಾರೇಜಿಗೂ ಹೋಗದೆ ನೇರ ಮನೆಗೆ ನಡೆದೆ.

ದೀಪ ಹಚ್ಚುವ ಹೊತ್ತು. ಅವಳು ಎಂದಿನಂತೆ ಒಲೆಯ ಮುಂದೆ ಕೂತಿದ್ದಳು. ಕೆನ್ನೆ ಆಡುತ್ತಿತ್ತು. ನಾನು ಟೂಲ್ ಚೀಲ ಇಳಿಸಿ, ಸುತ್ತು ಹಾಕಿ ಹೋಗಿ ಅವಳ ಎದುರಿಗೆ ನೆಲದ ಮೇಲೆ ಕೂತೆ. ಹೀಗೆ ಕೂತು ಎಷ್ಟು ಕಾಲವಾಗಿತ್ತೋ. ಅವಳು ಬೆದರಿ ನೋಡಿದಳು. ಬಾಯಲ್ಲಿ ಎಲೆ ಅಡಿಕೆ ಇತ್ತು.

"ನಂಗೆ ಕಿವಿ ಕೇಳ್ಸಾಕಿಲ್ಲ ಕಣೆ" ಎಂದೆ. "ಎರಡ್ ವರ್ಸ ಆಯ್ತು. ನೀನು ಆಡದು ಒಂದೂ ಕೇಳ್ಸಾಕಿಲ್ಲ. ಸುಮ್ಕೆ ಊಂ ಅಂತಿದ್ದೆ. ಇನ್ಮೇಲೆ ಇಲ್ಲಿ, ಬಲಗಡೆ ಬಂದು, ಗಟ್ಟಿಯಾಗಿ ಮಾತಾಡು."

ಅವಳು ಬೈಯಲಿಲ್ಲ. ಎದ್ದು ಹೊರಗೆ ಹೋಗಿ ಎಲೆ ಅಡಿಕೆ ಉಗಿದು, ಬಾಯಿ ತೊಳೆದುಕೊಂಡು ಬಂದಳು. ಬಂದು ನನ್ನ ಬಲಗಡೆ ಕೂತು, ಕಿವಿಗೆ ಬಾಯಿಟ್ಟಳು.

"ನಾನು ಮಾತಾಡದ್ನ ಬುಟ್ಟು ಶಿವರಾತ್ರಿಗೇ ಆಯ್ತಲ್ಲ" ಎಂದಳು.

ಅರ್ಥವಾಗಲಿಲ್ಲ. ಮತ್ತೆ ಹೇಳು ಎಂದೆ.

"ಶಿವರಾತ್ರಿಯಿಂದ ನಿಮ್ ಜೊತೆ ಮಾತಾಡಿಲ್ಲ. ಒಂದ್ ಮಾತೂ ಆಡಿಲ್ಲ. ಉಮ್ಮತ್ತೂರ್ ಮೂಗಮ್ಮ ಸತ್ತೋದ್ಲು ಅಂತ ಅಬ್ಬಕ್ ಮುಂಚಿನ್ ದಿನ ಊಟಕ್ ಇಕ್ತಾ ಏಳ್ದೆ. ನೀವು ಊಂ ಅಂದ್ರಿ. ಇನ್ನೊಂದ್ ಮುದ್ದೆ ಆಕು ಅಂದ್ರಿ."

ಮೂಗಮ್ಮ ಯಾರೆಂದು ನನಗೆ ಚೆನ್ನಾಗಿ ಗೊತ್ತು. ಪುಟ್ಟಮಾದಿಯ ತವರಿನ ಪಕ್ಕದ ಮನೆಯವಳು, ಅವಳ ಜೊತೆ ಹುಟ್ಟಿದವಳಂತೆ ಬೆಳೆದವಳು. ನಮ್ಮ ಮದುವೆಯಲ್ಲಿ ಇವಳನ್ನು ಬಸ್ಸು ಹತ್ತಿಸಿ, ಬಸ್ಸಿನ ಹಿಂದೆ ಓಡಿ ಅತ್ತವಳು. ಶಿವರಾತ್ರಿಯ ದಿನ ಪುಟ್ಟಮಾದಿ ಉಮ್ಮತ್ತೂರಿಗೆ ಹೋಗಿ ಮೂರು ದಿನಕ್ಕೆ ವಾಪಸಾದದ್ದು ನೆನಪಾಯಿತು. ಜಾಗರಣೆಗೆ ತವರಿಗೆ ಹೋಗಿರಬೇಕು ಎಂದುಕೊಂಡಿದ್ದೆ. ಬಂದವಳಿಗೆ, ಮನೆಯಲ್ಲಿ ಗಂಡಸು ಉಪವಾಸ ಬಿದ್ದರೂ ನಿನಗೆ ಹಬ್ಬವೇ ಹೆಚ್ಚು ಎಂದು ಕೂಗಿದ್ದೆ. ಆಮೇಲೆ ಆರು ತಿಂಗಳು, ದಿನಾ ಸಂಜೆ, ಎಲೆ ಅಡಿಕೆ ಅಗಿಯುವ ಹೆಂಗಸಿಗೆ ನಾನು ಹೂಂ, ಹೂಂ ಎನ್ನುತ್ತಾ ಕೂತಿದ್ದೆ. ಅವಳಿಗೆ ಅದು ಹೇಗೆ ಕಂಡಿರಬೇಕು! ನಾನು ಕೇಳಿಸದೆ ಒಂಟಿಯಾಗಿದ್ದೆ, ಅವಳು ಕೇಳುವವರಿಲ್ಲದೆ ಒಂಟಿಯಾಗಿದ್ದಳು. ಅವಳದೇ ಹೆಚ್ಚು.

ಒಲೆಯ ಮೇಲಿನ ಸಾರು ಉಕ್ಕಿತು. ಇಬ್ಬರೂ ಏಳಲಿಲ್ಲ.

"ಏನಾಗಿತ್ತು ಮೂಗಮ್ಮನ್ಗೆ?" ಎಂದೆ.

ಅವಳು ನನ್ನ ಭುಜಕ್ಕೆ ಕೈ ಊರಿ, ಕಿವಿಗೆ ಬಾಯಿ ಹಚ್ಚಿ ಹೇಳತೊಡಗಿದಳು. ಜ್ವರ ಬಂದಿತ್ತು ಎಂದಳು. ಆಸ್ಪತ್ರೆಗೆ ಹೋಗಲು ಒಪ್ಪಲಿಲ್ಲ ಎಂದಳು. ಕಡೆಯ ದಿನ ಮೂಗಮ್ಮ ಇವಳ ಹೆಸರು ಹಿಡಿದು ಕರೆದಳಂತೆ ಎಂದಳು. ಅಷ್ಟು ಕೇಳಿಸಿತು. ಆಮೇಲೆ ಕಿವಿಗೆ ಬರೀ ಬಿಸಿ ಉಸಿರು ತಾಗುತ್ತಿತ್ತು. ಅವಳು ಮಾತು ನಿಲ್ಲಿಸಿದಳೋ, ನನಗೇ ಕೇಳದೆ ಹೋಯಿತೋ ತಿಳಿಯಲಿಲ್ಲ. ಮುಖ ನೋಡಲು ತಿರುಗಿದೆ. ಅವಳು ಹೇಳುತ್ತಲೇ ಇದ್ದಳು.